ತೊಳೆ ಬಿಡಿಸಿ ತಿಂದ ಕಿತ್ತಳೆ

ಡಿಸೆಂಬರ್ ತಿಂಗಳ ಬೆಳಗು. ಹೇಮಾವತಿಯ ಕಣಿವೆಯಲ್ಲಿ ಮಂಜು ಇನ್ನೂ ಪೂರ್ತಿ ಎದ್ದಿಲ್ಲ. ಅರೇಬಿಕಾ ಹಣ್ಣು ಕೊಯ್ಯುತ್ತಿರುವ ಹೆಂಗಸರು ಸೊಂಟದ ಚೀಲ ಬಿಚ್ಚಿಟ್ಟು, ಕಾಫಿ ಗಿಡಗಳ ನಡುವೆ ಎದ್ದು ನಿಂತ ಕಿತ್ತಳೆ ಮರದ ಬುಡದಲ್ಲಿ ಕೂರುತ್ತಾರೆ. ತೊಟ್ಟಿನ ಹತ್ತಿರ ಹೆಬ್ಬೆರಳು ಊರಿ ಎಳೆದರೆ, ಈ ಸೀಮೆಯ ಕಿತ್ತಳೆಯ ಬಿಗಿ ಸಿಪ್ಪೆ ನಿಧಾನಕ್ಕೆ ಕಳಚಿ ಬರುತ್ತದೆ. ಸಿಪ್ಪೆಯ ಎಣ್ಣೆ ಮಂಜಿನಂತೆ ಚಿಮ್ಮಿ ಬೆರಳಿಗೆಲ್ಲ ಘಮ ಹತ್ತುತ್ತದೆ. ಜೊತೆಗೆ ಬಂದ ಮಕ್ಕಳು ಅದೇ ಸಿಪ್ಪೆ ಮಡಿಸಿ ಒಬ್ಬರ ಕಣ್ಣಿಗೆ ಒಬ್ಬರು ಹಿಂಡಿ ಓಡುತ್ತಾರೆ. ಒಳಗಿನ ಬಿಳಿ ನಾರನ್ನು ಅರ್ಧ ತೆಗೆದು ಅರ್ಧ ಬಿಟ್ಟು, ತೊಳೆಯ ಬೆನ್ನನ್ನು ಹಲ್ಲಿನಿಂದ ಸೀಳಿ, ಬೀಜ ಉಗುಳಿ, ಹುಳಿಗೆ ಒಮ್ಮೆ ಕಣ್ಣು ಕಿರಿದು ಮಾಡಿ ಮುಂದಿನ ತೊಳೆಗೆ ಕೈ ಹಾಕುತ್ತಾರೆ. ಒಂದು ಹಣ್ಣು ಮುಗಿಯಲು ಐದು ನಿಮಿಷ. ಎರಡನೆಯದು ಮುಗಿಯುವಷ್ಟರಲ್ಲಿ ಮೇಸ್ತ್ರಿಯ ಕೂಗು ಕೇಳುತ್ತದೆ.

ಸಕಲೇಶಪುರ, ಆಲೂರು ಸೀಮೆಯ ಹಿರಿಯರಿಗೆ ಹಣ್ಣು ತಿನ್ನುವುದೆಂದರೆ ಇದು: ಕೂತು, ಸುಲಿದು, ಬಿಡಿಸಿ, ಅಗಿದು, ಹಂಚಿಕೊಂಡು ಮಾಡುವ ಕೆಲಸ. ಎರಡು ತಲೆಮಾರಿನೊಳಗೆ ಆ ಹಣ್ಣು ತೋಟದಿಂದ ಹೆಚ್ಚುಕಡಿಮೆ ಕಾಣೆಯಾಯಿತು. ಅದರ ಜಾಗಕ್ಕೆ ಮೊದಲು ಸ್ಕ್ವಾಷ್ ಬಾಟಲಿ ಬಂತು, ಆಮೇಲೆ ರಟ್ಟಿನ ಪೊಟ್ಟಣ, ಆಮೇಲೆ ಬಸ್ ನಿಲ್ದಾಣದ ಜ್ಯೂಸ್ ಅಂಗಡಿಯ ಲೋಟ. ಹೃದ್ರೋಗ ತಜ್ಞರು ಇಂದು ಹಣ್ಣಿನ ಬಗ್ಗೆ ಕೊಡುತ್ತಿರುವ ಸಲಹೆ ಈ ಬೆಟ್ಟಸಾಲಿನ ಹಳೆಯ ರೂಢಿಗೆ ತೀರ ಹತ್ತಿರವಾಗಿದೆ. ಹೀಗಾಗಿ ಕಿತ್ತಳೆಯ ಕಥೆ ಒಂದು ಬೆಳೆಯ ಕಥೆಯಷ್ಟೇ ಅಲ್ಲ, ಇಲ್ಲಿನ ಜನರ ಎದೆಗೂ ಸಂಬಂಧಿಸಿದ್ದು.

ಹೆಸರಿನಿಂದಲೇ ಶುರುಮಾಡಬಹುದು. ಹುಳಿಜಾತಿಯ ಈ ಹಣ್ಣುಗಳಿಗೆ ಕನ್ನಡದಲ್ಲಿ ‘ಈಳೆ’ ಎಂಬ ಹಳೆಯ ಹೆಸರಿದೆ. ಹಿರಿದಾದ ಈಳೆ ಹೇರೀಳೆ. ಇಂದಿಗೂ ಮಲೆನಾಡಿನ ಮನೆಗಳಲ್ಲಿ ಗೊಜ್ಜು, ಉಪ್ಪಿನಕಾಯಿಗೆ ಬಳಸುವ ಹೇರಳೆಕಾಯಿ ಅದೇ. ಕಿರಿದಾದ ಈಳೆ ಕಿತ್ತೀಳೆ, ಅಂದರೆ ನಮ್ಮ ಕಿತ್ತಳೆ. ಒಂದೇ ಹಿತ್ತಿಲಲ್ಲಿ ಹೇರಳೆ, ಕಿತ್ತಳೆ, ಕಂಚಿ, ಗಜನಿಂಬೆ, ಚಕ್ಕೋತ ಎಲ್ಲವೂ ಇದ್ದ ಜನಕ್ಕೆ ಹುಳಿಯ ತರತಮವನ್ನು ಹೇಳಲು ಇಷ್ಟೊಂದು ಹೆಸರುಗಳು ಬೇಕಾಗಿದ್ದವು.

ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಎಂದೇ ಹೆಸರು. ಟಿಪ್ಪು ಸುಲ್ತಾನ 1792ರ ಹೊತ್ತಿಗೆ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಆ ಹೆಸರನ್ನು ಇನ್ನೂ ಉಳಿಸಿಕೊಂಡಿದೆ. ಘಟ್ಟದ ಅಂಚಿನ ಬಿಸಿಲೆ, ಶಿರಾಡಿ ಕಡೆ ಮುಂಗಾರು ತಿಂಗಳುಗಟ್ಟಲೆ ಬಿಡದೆ ಸುರಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ಆಲೂರು ದಾಟುವಷ್ಟರಲ್ಲಿ ಮಳೆ ಅರ್ಧಕ್ಕಿಂತ ಕಡಿಮೆಯಾಗಿ, ಕಾಫಿ ತೋಟಗಳು ತೆಳ್ಳಗಾಗಿ, ಗದ್ದೆ ಹೊಲಗಳು ಹರಡಿಕೊಳ್ಳುತ್ತವೆ. ಹೆಚ್ಚು ನೀರು ನಿಂತರೆ ಕೊಳೆಯುವ, ಬಿಸಿಲು ಜಾಸ್ತಿಯಾದರೆ ಬಾಡುವ ಕಿತ್ತಳೆಗೆ ಈ ಎರಡರ ನಡುವಿನ ಇಳಿಜಾರು ಹೇಳಿ ಮಾಡಿಸಿದ ನೆಲ.

ಈ ನೆಲಕ್ಕೆ ದೊಡ್ಡ ಪ್ರಮಾಣದಲ್ಲಿ ಕಾಫಿ ಬಂದದ್ದು 19ನೇ ಶತಮಾನದ ನಡುವಿನಲ್ಲಿ. ಫ್ರೆಡರಿಕ್ ಗ್ರೀನ್ ಎಂಬ ಯುರೋಪಿಯನ್ 1843ರಲ್ಲಿ ಮಂಜರಾಬಾದಿನಲ್ಲಿ ತೋಟ ಶುರುಮಾಡಿದ. ಹನ್ನೆರಡು ವರ್ಷದ ನಂತರ ಬಂದ ರಾಬರ್ಟ್ ಎಲಿಯಟ್ ಇಲ್ಲಿನ ತೋಟಗಾರಿಕೆಯ ಅನುಭವವನ್ನು 1871ರಲ್ಲಿ ಮತ್ತು 1894ರಲ್ಲಿ ಎರಡು ಪುಸ್ತಕಗಳಾಗಿ ಬರೆದ. ಬಿಸಿಲಿಗೆ ಬಿಟ್ಟ ಕಾಫಿ ಕೊರಕ ಹುಳುವಿಗೆ ತುತ್ತಾಗುತ್ತದೆ, ನೆರಳು ಬೇಕೇ ಬೇಕು ಎಂಬುದು ಅವನು ಕಷ್ಟಪಟ್ಟು ಕಲಿತ ಪಾಠ. ನೆರಳಿಗೆ ಒಳ್ಳೆಯದೆಂದು ಅವನು ಹೆಸರಿಸಿದ ಮರಗಳಲ್ಲಿ ಬಸರಿ, ಗೋಣಿಗಳ ಜೊತೆಗೆ ಹಲಸೂ ಇದೆ. ಅಂದರೆ ಮಂಜರಾಬಾದಿನ ಕಾಫಿ ಬಹಳ ಹಿಂದಿನಿಂದಲೂ ಹಣ್ಣಿನ ಮರಗಳ ಕೆಳಗೆ ಬೆಳೆಯಿತು. ಬಸರಿ, ಗೋಣಿಯ ಹಣ್ಣು ಹಕ್ಕಿಗೆ, ಹಲಸಿನ ಹಣ್ಣು ಮನುಷ್ಯನಿಗೂ ದನಕ್ಕೂ.

ಹಾಗೆಯೇ ಕಾಫಿ ಗಿಡಗಳ ನಡುವೆ, ಕಣದ ಅಂಚಿನಲ್ಲಿ, ಬಂಗಲೆಯ ದಾರಿಯಲ್ಲಿ ಕಿತ್ತಳೆ ತುಂಬಿತು. ಬೀಜದಿಂದ ಎಬ್ಬಿಸಿದ ಸಸಿ ಫಲಕ್ಕೆ ಬರಲು ಏಳೆಂಟು ವರ್ಷ ಕಾಯಬೇಕು. ಬಂದ ಮೇಲೆ ಕಾಫಿಗೆ ಹಾಕಿದ ಗೊಬ್ಬರ, ಕಾಫಿಗೆ ತೆಗೆದ ಗುಂಡಿಯ ನೀರಲ್ಲೇ ಅದು ಬದುಕುತ್ತದೆ. ಹೆಚ್ಚಿನ ಖರ್ಚಿಲ್ಲದ ಮರವಾದ್ದರಿಂದ ಅದರ ಹಣ್ಣನ್ನು ಅಳೆದು ತೂಗಿ ಕೊಡುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ. ಮಾಲೀಕರ ಮನೆ, ರೈಟರ ಮನೆ, ಕೂಲಿ ಲೈನು ಎಲ್ಲ ಕಡೆಗೂ ಅದೇ ಹಣ್ಣು ಹೋಗುತ್ತಿತ್ತು. ಅದರ ಆಚೆ ವರ್ಷದುದ್ದಕ್ಕೂ ಬೇರೆ ಸರದಿಯಿತ್ತು: ಬೇಸಿಗೆಗೆ ಕಾಡುಮಾವು, ಕವಳೆ, ಹೆಬ್ಬಲಸು, ಮುಂಗಾರಿನ ಹೊತ್ತಿಗೆ ಹಲಸು, ನೇರಳೆ, ಮಳೆ ಬಿಟ್ಟ ಮೇಲೆ ಸೀಬೆ, ಚಳಿಗೆ ನೆಲ್ಲಿ, ಕಿತ್ತಳೆ. ಕಿತ್ತಳೆಯ ಒಳಗಿನ ಭಾಗಕ್ಕೂ ಹಲಸಿನ ಒಳಗಿನ ಭಾಗಕ್ಕೂ ಕನ್ನಡದಲ್ಲಿ ಒಂದೇ ಪದ: ತೊಳೆ. ಎರಡನ್ನೂ ಕೈಯಲ್ಲೇ ಬಿಡಿಸಿ ತಿನ್ನಬೇಕು.

ಕಿತ್ತಳೆ ಮಾರಾಟದ ಬೆಳೆಯೂ ಆಗಿತ್ತು. ಮಳೆಗಾಲದಲ್ಲೊಂದು, ಚಳಿಗಾಲದಲ್ಲೊಂದು ಎಂದು ವರ್ಷಕ್ಕೆ ಎರಡು ಫಸಲು. ಮಳೆಗಾಲದ ಹಣ್ಣು ನೀರು ನೀರು. ಚಳಿಗಾಲದ್ದಕ್ಕೆ ಸಿಹಿ, ಹುಳಿ, ಪರಿಮಳ ಮೂರೂ ಸೇರಿಕೊಳ್ಳುತ್ತವೆ. ಕಾಯಿ ಮರದಲ್ಲಿರುವಾಗಲೇ ವ್ಯಾಪಾರಿಗಳು ಬಂದು ತೋಟ ಸುತ್ತಿ, ಕಣ್ಣಂದಾಜಿನಲ್ಲಿ ಫಸಲನ್ನು ಗುತ್ತಿಗೆ ಹಿಡಿಯುವುದು ಕೊಡಗಿನಿಂದ ಇಲ್ಲಿಯವರೆಗೆ ಇದ್ದ ಪದ್ಧತಿ. ಕೊಯ್ಲು, ಕಾವಲು, ಸಾಗಾಟ ಎಲ್ಲವೂ ಗುತ್ತಿಗೆದಾರನದ್ದೇ. ಬೆಳೆದವನ ಕೈಗೆ ಸಿಗುವುದು ಕಡಿಮೆ ಎಂಬ ಕೊರಗಿನಿಂದಲೇ ಕೊಡಗಿನ ಗೋಣಿಕೊಪ್ಪಲಿನಲ್ಲಿ ಕಿತ್ತಳೆ ಬೆಳೆಗಾರರ ಸಹಕಾರ ಸಂಘ ಹುಟ್ಟಿಕೊಂಡಿತು. ಹೆಸರೇನೋ ಕೊಡಗಿನ ಕಿತ್ತಳೆ. ಆದರೆ 2005–06ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಕೊಡಗಿನ ಜೊತೆಗೆ ಹಾಸನ, ಚಿಕ್ಕಮಗಳೂರಿನ ಮಲೆನಾಡೂ ಆ ಹಣ್ಣಿನ ನೆಲವೆಂದೇ ಗುರುತಾಯಿತು.

ಅಷ್ಟು ಹೊತ್ತಿಗೆ ಆ ನೆಲದಲ್ಲಿ ಹಣ್ಣೇ ಅಪರೂಪವಾಗಿತ್ತು.

ಮರಗಳು ಸಾಯತೊಡಗಿದ್ದು ಮೆಲ್ಲಗೆ. ಮೊದಲು ಒಂದು ಕೊಂಬೆಯ ಎಲೆ ಅಲ್ಲಲ್ಲಿ ಹಳದಿಯಾಗುತ್ತದೆ, ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಹಣ್ಣು ಸಣ್ಣದಾಗಿ, ಒಂದು ಕಡೆ ವಾಲಿ, ಬುಡದ ಭಾಗ ಬಣ್ಣವೇರದೆ ಹಸಿರಾಗಿಯೇ ಉಳಿದು ಕಹಿಯಾಗುತ್ತದೆ. ಆಮೇಲೆ ತುದಿಯಿಂದ ಕೊಂಬೆ ಒಣಗುತ್ತಾ ಬರುತ್ತದೆ. ದೇಶದ ನಾನಾ ಕಡೆ ಕಿತ್ತಳೆ ಜಾತಿಯ ಮರಗಳು ಹೀಗೆ ಒಣಗುತ್ತಿದ್ದುದನ್ನು ಪರೀಕ್ಷಿಸಿದ ಆಸ್ಟ್ರೇಲಿಯಾದ ಸಸ್ಯರೋಗ ತಜ್ಞೆ ಲಿಲಿಯನ್ ಫ್ರೇಸರ್ ಮತ್ತು ಭಾರತದ ವಿಜ್ಞಾನಿಗಳು, ಇದಕ್ಕೆ ‘ಗ್ರೀನಿಂಗ್’ ರೋಗವೇ ಕಾರಣವಿರಬೇಕೆಂದು 1966ರಲ್ಲಿ ವರದಿ ಮಾಡಿದರು. ಆಗ ಅದನ್ನು ವೈರಸ್ ಎಂದು ತಿಳಿಯಲಾಗಿತ್ತು. ಮರದ ಆಹಾರ ಸಾಗಿಸುವ ನಾಳಗಳಲ್ಲಿ ಕೂತು ದಾರಿ ಕಟ್ಟಿಬಿಡುವ ಬ್ಯಾಕ್ಟೀರಿಯಾ ಎಂದು ಮುಂದೆ ಗೊತ್ತಾಯಿತು. ಚಿಗುರಿನ ರಸ ಹೀರುವ ಸಿಲ್ಲಾ ಎಂಬ ಪುಟ್ಟ ಕೀಟ ಅದನ್ನು ಮರದಿಂದ ಮರಕ್ಕೆ ಹೊತ್ತೊಯ್ಯುತ್ತದೆ. ರೋಗ ಹಿಡಿದ ಮರವನ್ನು ಗುಣಪಡಿಸುವ ಮದ್ದು ಇವತ್ತಿಗೂ ಇಲ್ಲ. ಇದರ ಮೇಲೆ ಸಸ್ಯಹೇನುಗಳಿಂದ ಹರಡುವ ಟ್ರಿಸ್ಟೇಜಾ ವೈರಸ್, ಜೋರು ಮಳೆಯ ವರ್ಷಗಳಲ್ಲಿ ಬೇರು ಕೊಳೆಸುವ ಫೈಟಾಫ್ತೊರಾ ಸೇರಿಕೊಂಡವು.

ರೋಗ ಅರ್ಧ ಕಾರಣವಾದರೆ ಲೆಕ್ಕಾಚಾರ ಇನ್ನರ್ಧ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನೆಟ್ಟಗೆ ಬೆಳೆದು ನೆರಳೂ ಕೊಡುತ್ತದೆ, ಮೆಣಸಿನ ಬಳ್ಳಿಗೆ ಆಸರೆಯೂ ಆಗುತ್ತದೆ, ಕಡಿದರೆ ನಾಟಾದ ದುಡ್ಡೂ ಬರುತ್ತದೆ. ಅಂತರರಾಷ್ಟ್ರೀಯ ಕಾಫಿ ಒಪ್ಪಂದ 1989ರಲ್ಲಿ ಮುರಿದುಬಿದ್ದು ಬೆಲೆ ಕುಸಿಯಿತು. 1996ರ ವೇಳೆಗೆ, ಎಲ್ಲರ ಬೆಳೆಯನ್ನೂ ಕಾಫಿ ಮಂಡಳಿಯೇ ಕೂಡಿಹಾಕಿ ಮಾರುವ ಪೂಲ್ ಪದ್ಧತಿ ಪೂರ್ತಿ ಮುಗಿದು ಬೆಳೆಗಾರ ನೇರವಾಗಿ ಮಾರುಕಟ್ಟೆಗೆ ಇಳಿದ. ಅಂಥ ಹೊತ್ತಿನಲ್ಲಿ ಪ್ರತಿ ಮರವೂ ತನ್ನ ಜಾಗದ ಬಾಡಿಗೆ ತೆರಬೇಕಾಯಿತು. ಒಣಗಿದ ಕಿತ್ತಳೆಯ ಗುಂಡಿಗೆ ಮತ್ತೊಂದು ಕಿತ್ತಳೆ ಬರಲಿಲ್ಲ, ಮೆಣಸು ಬಂತು. ಆಲೂರಿನ ಕಡೆ ಶುಂಠಿಯ ಅಲೆಯೂ ಬಂದು ಎಷ್ಟೋ ಹೊಲಗಳ ಚಹರೆ ಬದಲಾಯಿತು.

ಹಣ್ಣಿನ ಮರ ತೋಟ ಬಿಡುತ್ತಿದ್ದಾಗ ಹಣ್ಣಿನ ರಸ ಮನೆಗೆ ಬರುತ್ತಿತ್ತು. ಇದಕ್ಕೂ ಒಂದು ಇತಿಹಾಸವಿದೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ ಶುರುವಾಯಿತು. ಸುಗ್ಗಿಯಲ್ಲಿ ಕೊಳೆತು ಹೋಗುವ ಹಣ್ಣನ್ನು ವರ್ಷವಿಡೀ ಉಳಿಸುವುದು ಹೇಗೆ ಎಂಬುದು ಆ ಕಾಲದ ದೊಡ್ಡ ಪ್ರಶ್ನೆ. ಜಾಮ್, ಜೆಲ್ಲಿ, ಸ್ಕ್ವಾಷ್ ಮಾಡುವುದನ್ನು ಕಲಿಸುವ ತರಬೇತಿಗಳು ನಡೆದವು, ಪತ್ರಿಕೆಗಳ ಮಹಿಳಾ ಪುಟಗಳಲ್ಲಿ ವಿಧಾನಗಳು ಬಂದವು. ತೋಟದ ಮನೆಗಳಲ್ಲಿ ಕಿತ್ತಳೆ ಸುಗ್ಗಿಗೆ ಒಂದು ದಿನ ಸ್ಕ್ವಾಷ್ ಮಾಡುವ ದಿನವಾಯಿತು. ರಸ ಹಿಂಡಿ ಸೋಸಿ, ಸಕ್ಕರೆ ಪಾಕಕ್ಕೆ ಸಿಟ್ರಿಕ್ ಆಮ್ಲ ಹಾಕಿ ಆರಿಸಿ, ಎರಡನ್ನೂ ಕೂಡಿಸಿ, ಕೆಡದಿರಲು ಚಿಟಿಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಬೆರೆಸಿ, ಕುದಿಸಿ ಒಣಗಿಸಿದ ಬಾಟಲಿಗೆ ತುಂಬುವುದು. ಮುಂಗಾರಿನಲ್ಲಿ ದಾರಿ ಕಟ್ಟಿ ವಾರಗಟ್ಟಲೆ ಪೇಟೆ ಮುಖ ಕಾಣದ ಮನೆಗಳಿಗೆ ಅದು ದೊಡ್ಡ ಅನುಕೂಲ.

ಅಂಗಡಿಯ ಸ್ಕ್ವಾಷಿಗೆ ಸರ್ಕಾರದ ಅಳತೆ ಇತ್ತು. 1955ರ ಹಣ್ಣು ಉತ್ಪನ್ನಗಳ ಆದೇಶದ ಪ್ರಕಾರ ಸ್ಕ್ವಾಷಿನಲ್ಲಿ ಹಣ್ಣಿನ ರಸ ಕನಿಷ್ಠ ನೂರಕ್ಕೆ 25 ಭಾಗ ಇರಬೇಕಿತ್ತು, ಕರಗಿದ ಘನಾಂಶ ಕನಿಷ್ಠ 40 ಭಾಗ. ಆ ಘನಾಂಶದ ಬಹುಪಾಲು ಸಕ್ಕರೆಯೇ. 50 ಮಿಲಿ ಸ್ಕ್ವಾಷಿಗೆ ನೀರು ಬೆರೆಸಿ ಒಂದು ಲೋಟ ಮಾಡಿದರೆ ಅದರಲ್ಲಿ ಹಣ್ಣಿನ ರಸ ಮೂರು ಚಮಚೆಗಿಂತ ಕಡಿಮೆ ಇರಬಹುದು, ಸಕ್ಕರೆ 20 ಗ್ರಾಂ ಆಸುಪಾಸು. ಹಾಗಿದ್ದರೂ ಅದು ಗೌರವದ ಪಾನೀಯವಾಯಿತು. ಮನೆಗೆ ಬಂದ ನೆಂಟರ ಮುಂದೆ ಹಣ್ಣಿನ ಬುಟ್ಟಿ ಇಡುವುದಕ್ಕಿಂತ, ತಟ್ಟೆಯಲ್ಲಿ ಗಾಜಿನ ಲೋಟ ತರುವುದು ನಾಜೂಕು ಎನ್ನಿಸಿತು. ‘ಬನ್ನಿ, ಹಣ್ ತಿನ್ನಿ’ ಎಂಬ ಮಾತು ‘ಜ್ಯೂಸ್ ಏನಾದ್ರೂ ತಗೋತೀರಾ?’ ಎಂದಾಯಿತು.

ಆಮೇಲಿನದು ಬೇಗ ಬೇಗ ಆಯಿತು. ಹಾಸನ–ಮಂಗಳೂರು ರೈಲು ಮಾರ್ಗ 1979ರಲ್ಲಿ ಘಟ್ಟ ಇಳಿಯಿತು. ಶಿರಾಡಿ ರಸ್ತೆಯಲ್ಲಿ ಬಸ್ಸು, ಲಾರಿ, ಕಾರುಗಳು ಹೆಚ್ಚಿದವು. ಫ್ರೂಟಿ 1985ರಲ್ಲಿ ಬಂದು, ಹಣ್ಣಿನ ಪಾನೀಯವನ್ನು ಕೊಳವೆ ಚುಚ್ಚಿ ಹೀರುವುದನ್ನು ಮಕ್ಕಳಿಗೆ ಕಲಿಸಿತು. 1990ರ ದಶಕದಲ್ಲಿ ದೊಡ್ಡ ರಟ್ಟಿನ ಪೊಟ್ಟಣದ ಜ್ಯೂಸುಗಳು ಬಂದವು. ಹೆದ್ದಾರಿ ಪಕ್ಕದ ಪೇಟೆಗಳಲ್ಲಿ ಮಿಕ್ಸಿ ಗಿರಗುಟ್ಟುವ ಜ್ಯೂಸ್ ಅಂಗಡಿಗಳು ಸಾಲುಗಟ್ಟಿದವು. ಅಲ್ಲಿ ಒಂದು ಲೋಟ ಕಿತ್ತಳೆ ಜ್ಯೂಸಿಗೆ ಮೂರು ನಾಲ್ಕು ಹಣ್ಣು, ಎರಡು ಮೂರು ಚಮಚೆ ಸಕ್ಕರೆ, ಐಸು. ಸೋಸಿದ ಮೇಲೆ ಜರಡಿಯಲ್ಲಿ ಉಳಿಯುವ ನಾರು ಬಕೆಟ್ಟಿಗೆ. ಆಸ್ಪತ್ರೆಯ ಕಡೆಯಿಂದಲೂ ಈ ರೂಢಿಗೆ ಬಲ ಬಂತು. ಕಾಯಿಲೆಯವರನ್ನು ನೋಡಲು ಹೋಗುವಾಗ ಕಿತ್ತಳೆ, ಮೂಸಂಬಿ ಒಯ್ಯುವುದು, ಅದನ್ನು ಹಿಂಡಿ ಕುಡಿಸುವುದು ಪ್ರೀತಿಯ ಗುರುತಾಯಿತು. ರೋಗಿಗೆ ಒಳ್ಳೆಯದಾದದ್ದು ಗಟ್ಟಿಮುಟ್ಟಾದವರಿಗೂ ಒಳ್ಳೆಯದೇ ಎಂದು ಜನ ನಂಬಿದರು.

ಬಕೆಟ್ಟಿಗೆ ಹೋಗುವ ಆ ನಾರಿನಲ್ಲಿ ಏನಿತ್ತು?

ಇದರ ಉತ್ತರ ಕಾಫಿ ಬೆಳೆಗಾರರ ಬೆರಳಿಗೆ ಚೆನ್ನಾಗಿ ಗೊತ್ತು. ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಟ್ಟ ಕಾಫಿ ಬೀಜವನ್ನು ಮುಷ್ಟಿಯಲ್ಲಿ ಹಿಡಿದರೆ ಜಾರುತ್ತದೆ. ಅದರ ಮೈಗೆ ಅಂಟಿದ ಲೋಳೆಯಲ್ಲಿ ಪೆಕ್ಟಿನ್ ಹೇರಳ. ತೊಟ್ಟಿಯಲ್ಲಿ ಒಂದು ರಾತ್ರಿಗೂ ಮೀರಿ ಹುಳಿಯಲು ಬಿಟ್ಟು, ತೊಳೆದು, ಬೀಜ ಗರಗರ ಎನ್ನುವವರೆಗೆ ಅದನ್ನು ಬಿಡಿಸಬೇಕು. ಕಿತ್ತಳೆಯ ಬಿಳಿ ನಾರು, ತೊಳೆಯ ತೆಳು ಪೊರೆ, ಸಿಪ್ಪೆಯ ಒಳಮೈ ಇದೇ ಪೆಕ್ಟಿನ್‌ನ ಉಗ್ರಾಣ. ಜಾಮ್ ಗಟ್ಟಿಯಾಗುವುದು ಅದರಿಂದಲೇ. ಹೊಟ್ಟೆಯೊಳಗೂ ಅದು ಲೋಳೆಯಾಗಿ, ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಕರುಳಿನಲ್ಲಿ ಪಿತ್ತಾಮ್ಲಗಳನ್ನು ಹಿಡಿದು ಮಲದ ಜೊತೆ ಹೊರಗೆ ಸಾಗಿಸುತ್ತದೆ. ಕಳೆದುಹೋದ ಪಿತ್ತಾಮ್ಲವನ್ನು ಮತ್ತೆ ಮಾಡಿಕೊಳ್ಳಲು ಯಕೃತ್ತು ರಕ್ತದಲ್ಲಿರುವ ಕೊಲೆಸ್ಟ್ರಾಲನ್ನು ಎಳೆದುಕೊಳ್ಳಬೇಕಾಗುತ್ತದೆ. ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 1961ರಲ್ಲೇ ದಿನಕ್ಕೆ 15 ಗ್ರಾಂ ಪೆಕ್ಟಿನ್ ತಿನ್ನಿಸಿ ನೋಡಿ, ಕೊಲೆಸ್ಟ್ರಾಲ್ ನೂರಕ್ಕೆ ಸುಮಾರು ಐದರಷ್ಟು ಇಳಿದುದನ್ನು ದಾಖಲಿಸಿದ್ದರು. ನೂರು ಗ್ರಾಂ ಇಡೀ ಕಿತ್ತಳೆಯಲ್ಲಿ ಎರಡು ಗ್ರಾಂ ಮೀರಿ ನಾರಿರುತ್ತದೆ. ಸೋಸಿದ ರಸದಲ್ಲಿ ಅದರ ಹತ್ತನೇ ಒಂದು ಭಾಗವೂ ಉಳಿಯುವುದು ಕಷ್ಟ. ಸಕ್ಕರೆ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ.

ಹಣ್ಣನ್ನು ಅಗಿಯುವುದಕ್ಕೂ ಕುಡಿಯುವುದಕ್ಕೂ ಇರುವ ವ್ಯತ್ಯಾಸವನ್ನು ನೇರವಾಗಿ ಅಳೆದವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು. ಹತ್ತು ಜನ ಆರೋಗ್ಯವಂತರಿಗೆ ಒಂದು ದಿನ ಇಡೀ ಸೇಬು, ಇನ್ನೊಂದು ದಿನ ಅರೆದ ಸೇಬು, ಮತ್ತೊಂದು ದಿನ ಅದರ ರಸ ಕೊಟ್ಟರು. ಮೂರರಲ್ಲೂ ಪಿಷ್ಟ, ಸಕ್ಕರೆಯ ಅಂಶ ಒಂದೇ, 60 ಗ್ರಾಂ. 1977ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಇದು: ಇಡೀ ಸೇಬಿಗಿಂತ ರಸ ಹನ್ನೊಂದು ಪಟ್ಟು ಬೇಗ ಒಳಗೆ ಹೋಯಿತು. ಹೊಟ್ಟೆ ತುಂಬಿದ ಭಾವ ರಸದಲ್ಲಿ ಎಲ್ಲಕ್ಕಿಂತ ಕಡಿಮೆ. ರಸ ಕುಡಿದವರಲ್ಲಿ ಇನ್ಸುಲಿನ್ ಹೆಚ್ಚು ಏರಿ, ಆಮೇಲೆ ರಕ್ತದ ಸಕ್ಕರೆ ತಟ್ಟನೆ ಕೆಳಗಿಳಿಯಿತು. ಇಡೀ ಹಣ್ಣು ತಿಂದವರಲ್ಲಿ ಆ ಕುಸಿತವಿರಲಿಲ್ಲ. ಕಿತ್ತಳೆ ಮರದಡಿ ಕೂತು ಐದು ನಿಮಿಷ ತೆಗೆದುಕೊಳ್ಳುತ್ತಿದ್ದ ಹೆಂಗಸರ ದೇಹಕ್ಕೆ ಆ ಐದು ನಿಮಿಷವೇ ದೊಡ್ಡ ಕಾಪು.

ದೊಡ್ಡ ಸಂಖ್ಯೆಯ ಅಧ್ಯಯನಗಳು ಆಮೇಲೆ ಬಂದವು. ಅಮೆರಿಕದ 1,87,382 ದಾದಿಯರು ಮತ್ತು ಆರೋಗ್ಯ ವೃತ್ತಿಯವರನ್ನು ದೀರ್ಘಕಾಲ ಹಿಂಬಾಲಿಸಿದ ಅಧ್ಯಯನ 2013ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಲೋಟ ಜ್ಯೂಸ್ ಹೆಚ್ಚಾದಂತೆ ಸಕ್ಕರೆ ಕಾಯಿಲೆಯ ಅಪಾಯ ನೂರಕ್ಕೆ 8ರಷ್ಟು ಏರಿತ್ತು. ಅದೇ ಜ್ಯೂಸಿನ ಬದಲು ಇಡೀ ಹಣ್ಣು ತಿಂದರೆ ಅಪಾಯ ನೂರಕ್ಕೆ 7ರಷ್ಟು ಇಳಿಯುತ್ತದೆಂದು ಲೆಕ್ಕ ಸಿಕ್ಕಿತು. ಸಕ್ಕರೆ ಕಾಯಿಲೆ ಹೃದಯಾಘಾತದ ಹತ್ತಿರದ ನೆಂಟ. ಚೀನಾದ ಐದು ಲಕ್ಷ ವಯಸ್ಕರ ಮೇಲೆ ನಡೆದ ಅಧ್ಯಯನದಲ್ಲಿ, ದಿನವೂ ತಾಜಾ ಹಣ್ಣು ತಿನ್ನುವವರಲ್ಲಿ ಹೃದಯ, ರಕ್ತನಾಳದ ಕಾಯಿಲೆಗಳಿಂದ ಸಾಯುವ ಸಂಭವ, ತಿನ್ನದವರಿಗಿಂತ ನೂರಕ್ಕೆ ಸುಮಾರು 40ರಷ್ಟು ಕಡಿಮೆ ಇತ್ತೆಂದು 2016ರಲ್ಲಿ ವರದಿಯಾಯಿತು. ಇಂಥ ಅಧ್ಯಯನಗಳು ನಂಟನ್ನು ತೋರಿಸುತ್ತವೆಯೇ ಹೊರತು, ಹಣ್ಣೊಂದೇ ಕಾಪಾಡಿತೆಂದು ಸಾಧಿಸುವುದಿಲ್ಲ. ಹಣ್ಣು ಕೊಳ್ಳಬಲ್ಲವರಿಗೆ ಬೇರೆ ಅನುಕೂಲಗಳೂ ಇರುತ್ತವೆ. ಇನ್ನೊಂದು ಮಾತನ್ನೂ ಹೇಳಬೇಕು: ಸಕ್ಕರೆ ಹಾಕದ ರಸವನ್ನು ಸ್ವಲ್ಪವೇ ಕುಡಿಯುವವರಿಗೆ ಹೃದಯದ ತೊಂದರೆ ಹೆಚ್ಚೇನೂ ಕಾಣಲಿಲ್ಲವೆಂದು ನೆದರ್ಲೆಂಡ್ಸಿನ ಅಧ್ಯಯನವೊಂದು ಹೇಳಿದೆ. ಆದ್ದರಿಂದ ಯಾವಾಗಲೋ ಒಮ್ಮೆ ಕುಡಿಯುವ ಸಣ್ಣ ಲೋಟ ವಿಷವಲ್ಲ. ಚಿಂತೆ ಇರುವುದು ದಿನದಿನದ ದೊಡ್ಡ ಲೋಟದ ಬಗ್ಗೆ, ಅದಕ್ಕೆ ಬೆರೆಸುವ ಸಕ್ಕರೆಯ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನೂ ಡಬ್ಬಿಯ ಸಕ್ಕರೆಯ ಸಾಲಿಗೇ ಸೇರಿಸಿತು, ಇಡೀ ಹಣ್ಣಿನೊಳಗಿನದನ್ನು ಸೇರಿಸಲಿಲ್ಲ.

ಭಾರತೀಯರಿಗೆ ಈ ಮಾತು ಇನ್ನಷ್ಟು ಮುಖ್ಯ. ‘ಇಂಟರ್‌ಹಾರ್ಟ್’ ಎಂಬ 52 ದೇಶಗಳ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ ಭಾಗವನ್ನು ಬಿಡಿಸಿ ನೋಡಿದ ವರದಿ 2007ರಲ್ಲಿ ಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರೂ ಆ ಕೆಲಸದಲ್ಲಿದ್ದರು. ಮೊದಲ ಹೃದಯಾಘಾತ ನಮ್ಮ ಭಾಗದ ಜನರಿಗೆ ಸರಾಸರಿ 53ರ ವಯಸ್ಸಿಗೆ, ಉಳಿದ ದೇಶಗಳಲ್ಲಿ 59ರ ಹತ್ತಿರಕ್ಕೆ. ದಿನವೂ ಹಣ್ಣು ತರಕಾರಿ ತಿನ್ನುವವರು ಬೇರೆಡೆ ನೂರಕ್ಕೆ 45 ಇದ್ದರೆ ನಮ್ಮಲ್ಲಿ 26ರ ಆಸುಪಾಸು. ಹಣ್ಣು ಇಷ್ಟು ಬೆಳೆಯುವ ನಾಡಿನಲ್ಲಿ ಹಣ್ಣು ತಿನ್ನುವವರು ಇಷ್ಟು ಕಡಿಮೆ ಎಂಬುದು ನೋವಿನ ವಿಷಯ.

ಆ ನೋವು 2025ರಲ್ಲಿ ಹಾಸನ ಜಿಲ್ಲೆಯ ಮನೆಬಾಗಿಲಿಗೇ ಬಂತು. ಆ ವರ್ಷದ ಮೇ ಕೊನೆಯಿಂದ ನಲವತ್ತು ದಿನಗಳಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ದಿನವೂ ಬರತೊಡಗಿತು. ಸತ್ತವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ಊರೂರಿನಿಂದ ಜನ ಎದೆ ಹಿಡಿದುಕೊಂಡು ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಸಾಲು ನಿಂತರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಹಿಂದಿಗಿಂತ ಅಸಹಜ ಏರಿಕೆ ಆಗಿಲ್ಲವೆಂದು ವರದಿ ಕೊಟ್ಟಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯ, ಬೊಜ್ಜು ಎಂಬ ಹಳೆಯ ಕಾರಣಗಳೇ ಅಲ್ಲಿಯೂ ಕಂಡವು. ಆ ಸಾವುಗಳನ್ನು ಯಾವುದೋ ಒಂದು ತಿಂಡಿಗೋ ಪಾನೀಯಕ್ಕೋ ಕಟ್ಟುವುದು ತಪ್ಪು. ಭಯ ಇಳಿದ ಮೇಲೂ ಉಳಿದುಕೊಂಡದ್ದು ದಿನದ ಊಟ, ದಿನದ ನಡಿಗೆ, ದಿನದ ಹಣ್ಣಿನ ಪ್ರಶ್ನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 100 ಗ್ರಾಂ ಹಣ್ಣು ಬೇಕೆಂದಿದೆ, ರಸಕ್ಕಿಂತ ಇಡೀ ಹಣ್ಣೇ ಲೇಸು ಎಂದೂ ಇದೆ. ನೂರು ಗ್ರಾಂ ಅಂದರೆ ಸುಮಾರಾಗಿ ಒಂದು ಕಿತ್ತಳೆ. ಅದೇ 2024ರ ಜೂನ್‌ನಲ್ಲಿ, ನೀರು ಬೆರೆಸಿ ಮರುರೂಪಿಸಿದ ರಸದ ಪೊಟ್ಟಣಗಳ ಮೇಲೆ ‘ನೂರಕ್ಕೆ ನೂರು ಹಣ್ಣಿನ ರಸ’ ಎಂದು ಬರೆಯಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು.

ಮಲೆನಾಡಿನ ಹಿತ್ತಿಲಿಗೆ ಮಾತ್ರ ಸಂಬಂಧಿಸಿದ ಎಚ್ಚರಿಕೆಯೊಂದಿದೆ. ಕೆನಡಾದ ಡೇವಿಡ್ ಬೇಯ್ಲಿ ಎಂಬ ವಿಜ್ಞಾನಿ ರಕ್ತದೊತ್ತಡದ ಮಾತ್ರೆಯೊಂದರ ಮೇಲೆ ಮದ್ಯದ ಪರಿಣಾಮ ನೋಡುತ್ತಿದ್ದ. ಮದ್ಯದ ರುಚಿ ಮುಚ್ಚಲು ಬೆರೆಸಿದ್ದು ಗ್ರೇಪ್‌ಫ್ರೂಟ್ ರಸ. ಮಾತ್ರೆಯ ಅಂಶ ರಕ್ತದಲ್ಲಿ ಹಲವು ಪಟ್ಟು ಏರಿತು. ಕಾರಣ ಮದ್ಯವಲ್ಲ, ಆ ರಸವೇ ಎಂದು 1991ರಲ್ಲಿ ಸ್ಪಷ್ಟವಾಯಿತು. ನಮ್ಮ ಚಕ್ಕೋತ ಗ್ರೇಪ್‌ಫ್ರೂಟಿನ ಹತ್ತಿರದ ಬಂಧು. ಅದರಲ್ಲೂ ಅದೇ ಬಗೆಯ ಸತ್ವಗಳಿವೆ. ಕೊಲೆಸ್ಟ್ರಾಲಿಗೆ ಕೊಡುವ ಕೆಲವು ಸ್ಟ್ಯಾಟಿನ್ ಮಾತ್ರೆಗಳನ್ನು, ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ನುಂಗುವವರು ಚಕ್ಕೋತ ತಿನ್ನುವ ಮುನ್ನ ವೈದ್ಯರನ್ನು ಕೇಳಲೇಬೇಕು. ಕಿತ್ತಳೆಗೆ ಸಾಮಾನ್ಯವಾಗಿ ಈ ತಂಟೆ ಇಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಪೊಟ್ಯಾಸಿಯಂ ಕಾರಣಕ್ಕೆ ಯಾವ ಹಣ್ಣನ್ನಾದರೂ ಕೇಳಿಯೇ ತಿನ್ನಬೇಕು.

ಈಗ ಸಕಲೇಶಪುರದ ತೋಟಗಳಿಗೆ ಮತ್ತೊಂದು ಹಣ್ಣು ಬರುತ್ತಿದೆ. ಹಿಂದೆ ದನ, ನಾಯಿಗಳ ಪಾಲಾಗುತ್ತಿದ್ದ ಬೆಣ್ಣೆಹಣ್ಣಿಗೆ ಬೆಲೆ ಏರಿದೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಆರಿಸಿದ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ತಳಿಗಳಿಗೆ ಬೆಳೆಗಾರರು ಹೆಸರು ಬರೆಸಿ ಕಾಯುತ್ತಾರೆ. ಈ ಹಣ್ಣಿನ ಕೊಬ್ಬು ಹೃದಯಕ್ಕೆ ಹಿತವಾದ ಜಾತಿಯದು. ವಾರಕ್ಕೆ ಒಂದಾದರೂ ಬೆಣ್ಣೆಹಣ್ಣು ತಿನ್ನುವವರಲ್ಲಿ ಹೃದಯ, ರಕ್ತನಾಳದ ಕಾಯಿಲೆ ನೂರಕ್ಕೆ 16ರಷ್ಟು ಕಡಿಮೆ ಇದ್ದುದನ್ನು ಒಂದು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ಮೂವತ್ತು ವರ್ಷದ ಅಧ್ಯಯನ 2022ರಲ್ಲಿ ತೋರಿಸಿತು. ಆದರೆ ನಮ್ಮ ಪೇಟೆಗಳಲ್ಲಿ ಅದು ಜನಕ್ಕೆ ಗೊತ್ತಿರುವುದು ಬಟರ್ ಫ್ರೂಟ್ ಜ್ಯೂಸಾಗಿ: ಹಾಲು, ನಾಲ್ಕು ಚಮಚೆ ಸಕ್ಕರೆ, ಐಸು ಹಾಕಿ ತಿರುವಿದ ಹಸಿರು ಲೋಟ. ಅದಕ್ಕೆ ಉಪ್ಪು, ಹಸಿಮೆಣಸು, ನಿಂಬೆ ಬೆರೆಸಿ ಅಕ್ಕಿರೊಟ್ಟಿಯ ಜೊತೆ ತಿನ್ನುವುದು ಕೆಲವು ಮನೆಗಳಲ್ಲಿ ಶುರುವಾಗಿದೆ. ಕಿತ್ತಳೆ ನಡೆದ ದಾರಿಯನ್ನೇ ಇದೂ ಹಿಡಿಯದಿರಲು ಅಂಥ ಮನೆಗಳು ಹೆಚ್ಚಬೇಕು.

ಕಿತ್ತಳೆಯನ್ನೂ ಎಲ್ಲರೂ ಕೈಬಿಟ್ಟಿಲ್ಲ. ಬೇರು ಕೊಳೆತಕ್ಕೆ ಸುಲಭವಾಗಿ ಜಗ್ಗದ ರಂಗಪುರ ನಿಂಬೆಯ ಬುಡಕ್ಕೆ ಕಣ್ಣು ಹಾಕಿ ಕಟ್ಟಿದ, ರೋಗವಿಲ್ಲದ ತಾಯಿಮರದಿಂದ ತಂದ ಸಸಿಗಳನ್ನು ಮೆಣಸಿನ ಬಳ್ಳಿಗಳ ನಡುವೆ ಕೆಲವರು ಮತ್ತೆ ನೆಡುತ್ತಿದ್ದಾರೆ. ಹಣ್ಣು ನೋಡಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಸಂತೆಯಲ್ಲಿ ಸಿಗುವುದು ಹೆಚ್ಚಾಗಿ ನಾಗಪುರದ ಹಣ್ಣು.

ಅಲ್ಲೊಂದು ಇಲ್ಲೊಂದು ಹಳೆಯ ಬೀಜದ ಮರ ಇನ್ನೂ ನಿಂತಿದೆ, ಹೆಚ್ಚಾಗಿ ಮನೆಯ ಹಿಂದೆ, ಹಟ್ಟಿಗೊಬ್ಬರ ಬೀಳುವ ಕಡೆ. ಪಾಚಿ ಹತ್ತಿದ ಕೊಂಬೆ, ಅರ್ಧ ಮರ ಒಣಗಿದೆ, ಉಳಿದರ್ಧದಲ್ಲಿ ಐವತ್ತು ಅರವತ್ತು ಹಣ್ಣು. ಮಾರುವಷ್ಟಿಲ್ಲ. ದೋಟಿ ಕಟ್ಟಿ ಕಿತ್ತು, ಅಕ್ಕಪಕ್ಕದ ಮನೆಗೆ ನಾಲ್ಕು ನಾಲ್ಕು ಹಂಚಿ, ಉಳಿದದ್ದನ್ನು ಸಂಜೆ ಜಗಲಿಯಲ್ಲಿ ಬುಟ್ಟಿಯ ಸುತ್ತ ಕೂತು ತಿನ್ನುತ್ತಾರೆ. ಹಿರಿಯರು ಮೊಮ್ಮಕ್ಕಳಿಗೆ ತೊಳೆ ಬಿಡಿಸಿ, ಬೀಜ ತೆಗೆದು ಕೈಗಿಡುತ್ತಾರೆ. ಸುಲಿದ ಸಿಪ್ಪೆಯನ್ನು ಎಸೆಯುವುದಿಲ್ಲ. ಒಳಗೆ ಅಡುಗೆಮನೆಯಲ್ಲಿ ಅದನ್ನು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಹುರಿದು, ಹುಣಸೆಹುಳಿ, ಬೆಲ್ಲ, ಮೆಣಸಿನಪುಡಿ ಹಾಕಿ ಗೊಜ್ಜು ಕುದಿಸಲು ಇಟ್ಟಾಗಿರುತ್ತದೆ.